ಕೆಂಪಸಿದ್ದಯ್ಯನ ಹಿಂದಿನ ಬ್ರೇಕು

"ತಲೆ ಉಸಾರು ಕಣ್ಲಾ, ಬಾಗ್ಲಿಗೆ ಬಡಿದಾತು!"

ಕೆಂಪಸಿದ್ದಯ್ಯನ ಚಿಕ್ಕಪ್ಪ ಪುಟ್ಟಮಾದಯ್ಯ ಕೂಗುತ್ತಿದ್ದಂತೆ ಅಂಕಯ್ಯ ಸತ್ತ ಗೆಳೆಯನ ಕಂಕುಳಿಗೆ ಕೈಕೊಟ್ಟು ಹೆಣವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಪಂಚೆಯಿಂದ ಬಿಗಿದು, ತಾನು ಸ್ಟೀರಿಂಗಿನ ಮುಂದೆ ಕೂತ. ಮಳವಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದ ಕೆಂಪಸಿದ್ದಯ್ಯ ಈಗ ತನ್ನದೇ ಹಳೆಯ ಕಾರಿನಲ್ಲಿ ಹೊರಟಿದ್ದ. ಅವನ ಹಿರಿಯರನ್ನೆಲ್ಲ ಮಣ್ಣು ಮಾಡಿದ ಜಾಗವಿದ್ದದ್ದು ಶಿವನಸಮುದ್ರದ ಹೊಳೆದಂಡೆಯಲ್ಲಿ; ಅಷ್ಟು ದೂರ ಹೆಗಲ ಮೇಲೆ ಆಗದ ಮಾತು.

ಹೆಂಡತಿ ಮರಿತಾಯಮ್ಮ ಪಕ್ಕದಲ್ಲಿ ಕೂತು ಗಂಡನನ್ನು ಬಳಸಿ ಹಿಡಿದಳು. "ಅಂಕಣ್ಣ, ಜಗ್ಗಿದಂಗೆ ನಿಲ್ಲಿಸ್ಬ್ಯಾಡ. ಇವ್ರು ಮುಗ್ಗರಿಸಬಾರ್ದು."

"ನಿಲ್ಲಿಸೋದಲ್ಲ ಕಣವ್ವ ಕಷ್ಟ, ನಿಂತಿರೋದು," ಎಂದ ಪುಟ್ಟಮಾದಯ್ಯ. "ಎಣ ಇಳ್ಸೋ ಕಲ್ಲು ಇರಾದು ಇಳಿಜಾರಲ್ಲೇ. ಅಲ್ಲಿ ಎಣ ಒತ್ತು ತಂದೋರೆಲ್ಲ ಕೈ ಬುಟ್ಟು ಅದ್ರ ಸುತ್ತ ಬರಬೇಕು. ಇವತ್ತು ಎಣ ಒತ್ತಿರೋನು ಕಾರು ಓಡ್ಸೋ ಅಂಕ. ಅವ್ನೂ ಇಳೀಬೇಕು."

ಅಂಕಯ್ಯ ಹ್ಯಾಂಡ್‌ಬ್ರೇಕಿನ ಹಿಡಿಯತ್ತ ನೋಡಿದ. ಅವನು ಇಳಿದರೆ ಕಾರನ್ನು ಹಿಡಿಯುವುದು ಹ್ಯಾಂಡ್‌ಬ್ರೇಕು ಒಂದೇ. ಅದನ್ನು ಇಳಿಜಾರಿನಲ್ಲಿ ಇನ್ನೂ ಯಾರೂ ಪರೀಕ್ಷಿಸಿರಲಿಲ್ಲ. ಕೆಳಗೆ ಹೊಳೆ.

* * *

ಇದೆಲ್ಲ ಶುರುವಾದದ್ದು ಎಪ್ಪತ್ತೈದನೇ ಇಸವಿಯ ಮಳೆಗಾಲದಲ್ಲಿ. ಹಿಂದಿನ ಗಾಲಿಯ ಬ್ರೇಕಿನ ಡ್ರಮ್ಮುಗಳಿಗೆ ನೀರು ಹೊಕ್ಕರೆ ಕಾರು ನಿಲ್ಲುವ ಬದಲು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಕೆಂಪಸಿದ್ದಯ್ಯ ಅವನ್ನು ಕಳಚಿ, ಬೆಂಗಳೂರಿನ ಗುಜರಿಯಿಂದ ಯಾವುದೋ ಪರದೇಶದ ಕಾರಿನ ಡಿಸ್ಕುಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದ.

"ಏನ್ಲಾ ಇದು, ರೊಟ್ಟಿ ಎಂಚಾ?" ಎಂದು ಅಂಕಯ್ಯ ನಕ್ಕ.

"ಗಾಲಿ ಜೊತೆ ತಿರುಗೋ ಎಂಚು ಕಣ್ಲಾ. ಎಲ್ಡೂ ಕಡೆಯಿಂದ ಅದುಮಿದ್ರೆ ನಿಂತ್ಕತದೆ."

"ಡ್ರಮ್ಮೇ ಇಲ್ದೆ ಹ್ಯಾಂಡ್‌ಬ್ರೇಕಿನ ತಂತಿಯ ಎಲ್ಲಿಗ್ಲಾ ಕಟ್ಟೀಯ, ನಿನ್ ಉಡದಾರಕ್ಕಾ?"

ಕೆಂಪಸಿದ್ದಯ್ಯ ನಗಲಿಲ್ಲ. ಆ ಮಳೆಗಾಲವಿಡೀ ಕಾರಿನ ಅಡಿಯಲ್ಲೇ ಮಲಗಿದ. ಕರೆದು ಕರೆದು ಸಾಕಾದ ಮರಿತಾಯಮ್ಮ ಮುದ್ದೆಯನ್ನೂ ಅಲ್ಲಿಗೇ ತಳ್ಳುತ್ತಿದ್ದಳು. ಆಲೆಮನೆಯಲ್ಲಿ ಬಿಸಾಡಿದ್ದ ಕಬ್ಬಿಣದ ಸರಳನ್ನು ಕಾಯಿಸಿ, ಬಗ್ಗಿಸಿ, ಅರದಲ್ಲಿ ಉಜ್ಜಿ, ತಂತಿ ಎಳೆದರೆ ಡಿಸ್ಕನ್ನು ಕಚ್ಚುವ ಇಕ್ಕಳ ಮಾಡಿದ. ಅದು ಸರಿಬಂದ ವಾರದಲ್ಲೇ, ಇಳಿಜಾರಿನಲ್ಲಿ ನಿಲ್ಲಿಸಿ ನೋಡುವ ಮೊದಲೇ, ಎದೆನೋವು ಬಂತು.

* * *

ಇಳಿಜಾರು ಶುರುವಾಯಿತು. ಮುಂದೆ ತಮಟೆ, ಹಿಂದೆ ಲಾರಿಯಿಂದ ಇಳಿದ ಜನ. ಹೆಣ ಇಳಿಸುವ ಕಲ್ಲಿನ ಹತ್ತಿರ ಅಂಕಯ್ಯ ಪೆಡಲನ್ನು ಮೆಲ್ಲಗೆ ಒತ್ತಿದ. ಕಾರು ಯಾವ ಪಕ್ಕಕ್ಕೂ ಎಳೆಯದೆ ನಿಂತಿತು. ಮರಿತಾಯಮ್ಮನ ತೋಳಿಗೆ ಒಂದಿಷ್ಟೂ ಭಾರ ಬರಲಿಲ್ಲ.

ಅವನು ಹ್ಯಾಂಡ್‌ಬ್ರೇಕು ಎಳೆದ. ಕಾಲು ತೆಗೆಯಲು ಮಾತ್ರ ಧೈರ್ಯವಿಲ್ಲ.

"ಗಾಲಿಗೆ ಕಲ್ಲು ಕೊಡ್ರೋ!" ಪುಟ್ಟಮಾದಯ್ಯ ಕೂಗಿದ.

"ಯಾರೂ ಕಲ್ಲು ಇಕ್ಬ್ಯಾಡಿ." ಮರಿತಾಯಮ್ಮ ಗಂಡನ ಮೇಲಿನ ಕೈ ತೆಗೆದು ಕೆಳಗಿಳಿದಳು. "ಅವ್ರು ಜೀವ ತೇದಿದ್ದು ಇದ್ಕೇಯ. ಕಲ್ಲು ಇಕ್ಕಿ ಮಣ್ಣು ಮಾಡಿದ್ರೆ, ಆಯ್ತೋ ಇಲ್ವೋ ಅಂತ ಅವ್ರ್‌ಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ. ಕಾಲು ತಗೀ, ಅಂಕಣ್ಣ."

ತಮಟೆ ನಿಂತಿತು. ಅಂಕಯ್ಯ ಕಣ್ಣು ಮುಚ್ಚಿ ಕಾಲೆತ್ತಿದ. ಕಾರು ಒಮ್ಮೆ ನರಳಿ, ಕೂದಲೆಳೆಯಷ್ಟು ಜರುಗಿ, ಕಚ್ಚಿಕೊಂಡಿತು. ಅವನು ಇಳಿದ. ಬಾಗಿಲು ಹಾಕಿದ ಸದ್ದಿಗೆ ಎಲ್ಲರೂ ಬೆಚ್ಚಿದರು, ಕಾರು ಮಿಸುಕಲಿಲ್ಲ. ಅಷ್ಟು ಕಡಿದಾದ ದಾರಿಯಲ್ಲಿ ಕೆಂಪಸಿದ್ದಯ್ಯ ಒಬ್ಬನೇ, ಯಾರ ಕೈಯ ಆಸರೆಯೂ ಇಲ್ಲದೆ, ನೆಟ್ಟಗೆ ಕೂತಿದ್ದ. ಮರಿತಾಯಮ್ಮ ಮುಂದಾಗಿ ಜನವೆಲ್ಲ ಕಾರನ್ನು ಸುತ್ತು ಬಂದರು.

ಹೆಣದ ಬಾಯಿಗೆ ಅಕ್ಕಿ ಹಾಕಲು ಮೊದಲು ಬಂದವನು ಪುಟ್ಟಮಾದಯ್ಯ. ಅವನು ಬಾಗಿಲವರೆಗೂ ಹೋಗಲಿಲ್ಲ. ಹಿಂದಿನ ಗಾಲಿಯ ಬಳಿ ಕುಕ್ಕರಿಸಿ, ಕಿಂಡಿಯೊಳಗೆ ಡಿಸ್ಕನ್ನು ಕಚ್ಚಿಕೊಂಡಿದ್ದ ಇಕ್ಕಳವನ್ನು ನೋಡುತ್ತ, ತಲೆಯ ರುಮಾಲನ್ನು ಮೆಲ್ಲಗೆ ತೆಗೆದ. ಅವನ ಬೆನ್ನ ಹಿಂದೆ ಇನ್ನೊಬ್ಬ ಬಗ್ಗಿದ. ಮತ್ತೊಬ್ಬ. ಅಕ್ಕಿ ಎಲ್ಲರ ಮುಷ್ಟಿಯಲ್ಲೇ ಇತ್ತು.