ಎಡಗೈಯವನ ಬೀಗ

"ಇದೇ ಬಾಗಿಲು ಕಣೋ, ಅನುಮಾನವೇ ಇಲ್ಲ," ಎಂದಳು ಸೋದರತ್ತೆ, ಮೂರನೆಯ ಸಲ.

ಬೀಗ ರಿಪೇರಿಯವನು ತಲೆಯೆತ್ತಿ ನೋಡಿದ. ಹಿಂದಿನ ಎರಡು ಬಾಗಿಲುಗಳ ಬಗ್ಗೆಯೂ ಅವಳಿಗೆ ಅನುಮಾನವಿರಲಿಲ್ಲ. ಒಂದು ಕನ್ನಡಕದ ಅಂಗಡಿಯದಾಗಿತ್ತು, ಇನ್ನೊಂದು ಮೊಬೈಲ್ ರಿಪೇರಿಯವನದು. ಈಗ ಅವಳು ತೋರಿಸುತ್ತಿದ್ದದ್ದು ಕರೆಂಟ್ ಮೀಟರುಗಳ ಗೂಡು.

ಅತ್ತೆಗೆ ಮನೆಯಲ್ಲಿ ರೇಡಿಯೋ ಎಂದೇ ಹೆಸರು. ಅವಳ ಅಜ್ಜ ಇದೇ ಬೀದಿಯಲ್ಲಿ ಬೀಗ ಮಾಡುತ್ತಿದ್ದನಂತೆ. ಎಡಚ. ಮೊದಲ ಬೀಗವನ್ನು ತನ್ನ ಕೈಗೆ ಹೊಂದುವಂತೆ ಮಾಡಿದ್ದರಿಂದ ಕೀಲಿ ಉಲ್ಟಾ ತಿರುಗುತ್ತಿತ್ತಂತೆ. ಗಿರಾಕಿ ಬೈದು ವಾಪಸು ಕೊಟ್ಟಮೇಲೆ ಅದನ್ನು ತನ್ನ ಮನೆಬಾಗಿಲಿಗೇ ಜಡಿದುಕೊಂಡನಂತೆ. ಅವಳು ಇದನ್ನು ಶುರುಮಾಡಿದರೆ ಮನೆಮಂದಿಯೆಲ್ಲ ಬುರುಡೆ ಎಂದು ನಗುತ್ತಿದ್ದರು. ಬೀಗದವನೊಬ್ಬ ಮಾತ್ರ ನಗುತ್ತಿರಲಿಲ್ಲ. ಅವನೂ ಎಡಚನೇ. ಕಸುಬು ಕಲಿಯುವಾಗ ಕೀಲಿ ಉಜ್ಜುವ ಅರ ಎಡಗೈಗೆ ಬಂದರೆ ಸಾಕು, ಅಪ್ಪ ಬೆರಳ ಗಂಟಿಗೆ ಬಾರಿಸುತ್ತಿದ್ದ. ಆಗೆಲ್ಲ ಅತ್ತೆ ಅಡ್ಡ ಬಂದು, "ಹೊಡೀಬೇಡ, ಅದು ನಮ್ಮಜ್ಜನ ಕೈ," ಎನ್ನುತ್ತಿದ್ದಳು. ಆ ಒಂದು ಮಾತಿನ ಬಲದಿಂದ ಅವನು ಕಸುಬಿನಲ್ಲಿ ಉಳಿದಿದ್ದ. ಅವಳ ಕಥೆ ನಿಜವಾಗಿರಲಿ ಎಂದು ಅವಳಿಗಿಂತ ಅವನಿಗೇ ಹೆಚ್ಚು ಆಸೆ. ಅದಕ್ಕೇ ಅಜ್ಜನ ಆ ಬಾಗಿಲು ಹುಡುಕಲು ಅವಳನ್ನು ಕರೆತಂದಿದ್ದ.

"ಮೂರು ಮೆಟ್ಟಿಲಿತ್ತು ಕಣೋ."

"ರಸ್ತೆ ಎತ್ತರ ಮಾಡಿದಾರೆ ಅತ್ತೆ. ಮೆಟ್ಟಿಲು ಹೂತು ಹೋಗಿರುತ್ತೆ."

ಬೀದಿ ಮುಗಿಯಿತು. ಅತ್ತೆ ಗೋಡೆಗೊರಗಿ ನಿಂತಳು. ರೇಡಿಯೋ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವನು ಕಂಡಿರಲಿಲ್ಲ.

"ಇಲ್ಲಿಂದ ಹೋದಾಗ ನಂಗೆ ಐದು ವರ್ಷ," ಎಂದಳು ಕೊನೆಗೆ. "ಹೇಳ್ತಾ ಹೇಳ್ತಾ ನಾನೇ ಕಟ್ಟಿಬಿಟ್ನೋ ಏನೋ. ನಡಿ, ಹೋಗೋಣ."

ಅವನು ಬಂದ ದಾರಿಯ ಬಾಗಿಲುಗಳನ್ನು ಇನ್ನೊಮ್ಮೆ ತಿರುಗಿ ನೋಡಿದ.

ಪಕ್ಕದಲ್ಲೇ ಗುಂಡಿ, ದಾರ ಮಾರುವವಳು ಊಟಕ್ಕೆ ಹೊರಟು, ಬಾಗಿಲೆಳೆದುಕೊಂಡು ಬೀಗದೊಡನೆ ಜಗಳಕ್ಕೆ ನಿಂತಿದ್ದಳು.

"ಹಾಳಾದ್ದು! ಈ ಅಂಗಡಿ ಬಾಡಿಗೆಗೆ ಹಿಡಿದು ಹತ್ತು ವರ್ಷ ಆಯ್ತು, ಇವತ್ತಿಗೂ ಮೊದಲು ಆ ಕಡೆನೇ ತಿರುಗಿಸ್ತೀನಿ. ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ ಉಲ್ಟಾ!"

ಬೀಗದವನ ಕಿವಿ ನೆಟ್ಟಗಾಯಿತು. "ಇಲ್ಲಿ ಕೊಡಿ. ನಾನು ಬೀಗದ ಕೆಲಸದವನೇ."

ಎಡಗೈಯಲ್ಲಿ ಕೀಲಿ ತೂರಿಸಿ, ಕೈ ಹೋದತ್ತ ತಿರುಗಿಸಿದ. ಬೀಗ ಟಕ್ಕೆಂದು ಕೂತಿತು.

"ಅಯ್ಯೋ, ಇಷ್ಟು ಸಲೀಸಾ!" ಎಂದಳು ಅಂಗಡಿಯವಳು. "ಈ ವಾರ ಕಿತ್ತು ಹೊಸದು ಹಾಕಿಸಬೇಕು ಅಂತಿದ್ದೆ. ನೀವೇ ಹಾಕಿಕೊಡ್ತೀರಾ?"

ಅವನು ಅತ್ತೆಯತ್ತ ತಿರುಗಿದ. ಅತ್ತೆ ಬೀಗದ ಕಡೆ ನೋಡಲೂ ಇಲ್ಲ. ಅವನ ಎಡಗೈ ಹಿಡಿದುಕೊಂಡು, ಹಿಂದೆ ಅಪ್ಪನ ಏಟು ಬೀಳುತ್ತಿದ್ದ ಗಂಟುಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಮೂಗೊರೆಸಿಕೊಂಡು ಅಂಗಡಿಯವಳತ್ತ ತಿರುಗಿದಳು.

"ಕೀಳಿಸಬೇಡ ಕಣಮ್ಮ. ಕೈ ಬದಲಾಯಿಸಿ ನೋಡು. ಏನಾಯ್ತು ಅಂದ್ರೆ, ನಮ್ಮಜ್ಜ..."

ರೇಡಿಯೋ ಶುರುವಾಗಿತ್ತು. ಊಟಕ್ಕೆ ಹೊರಟಿದ್ದವಳು ಕೇಳುತ್ತ ಕೇಳುತ್ತ ಎಡಗೈಯಲ್ಲಿ ಬೀಗ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.