ಚೌಡೇಶ ಹಾರಿದ ಎತ್ತರ

ಹರಿಹರದ ಪೇಟೆ ಬೀದಿಯಲ್ಲಿ ಚೌಡೇಶನ ಬೈಕು ಒಂದು ಕಾರನ್ನು, ಒಂದು ಟ್ರ್ಯಾಕ್ಟರನ್ನು, ಅರ್ಧ ತೆಂಗಿನ ಮರವನ್ನು ಒಂದೇ ನೆಗೆತಕ್ಕೆ ದಾಟಿತು. ಮೇಲಿದ್ದಾಗ ಅವನಿಗೆ ಅತ್ತ ಮಲೆಬೆನ್ನೂರಿನ ಅಕ್ಕಿ ಗಿರಣಿಯ ಹೊಗೆ, ಇತ್ತ ದಾವಣಗೆರೆಯ ಗಡಿಯಾರ ಕಂಬ ಎರಡೂ ಕಂಡವು. ಗಡಿಯಾರದಲ್ಲಿ ಹನ್ನೊಂದೂ ಕಾಲು ಎಂಬುದನ್ನೂ ಓದಿಕೊಂಡ. ಇಳಿಯುವಾಗ ಎರಡು ಚಕ್ರವೂ ಒಟ್ಟಿಗೇ ನೆಲ ಮುಟ್ಟಿದವು. ಜೇಬಿನ ಬಾಚಣಿಗೆ ಕೂಡ ಅಲುಗಲಿಲ್ಲ.

ಇದು ಚೌಡೇಶ ಪೊಲೀಸ್ ಠಾಣೆಯಲ್ಲಿ ಕೊಟ್ಟ ಹೇಳಿಕೆ. ಎದುರಿನ ಬೆಂಚಿನಲ್ಲಿ ಆ ಕಾರಿನ ಯಜಮಾನರು, ಸಾರಥಿ ಎಂಬ ಊರಿನ ನಾಗರಾಜಪ್ಪ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಫೋನಿನ ಮಾತಿನಲ್ಲಿ ಮೈಮರೆತು ಬೈಕು ನೋಡಲಿಲ್ಲ, ತಪ್ಪು ತನ್ನದೇ ಎಂದು ಅವರು ಬಂದ ಕೂಡಲೇ ಒಪ್ಪಿದ್ದರು. ಆಮೇಲೆ ಚೌಡೇಶ ಬಾಯಿ ತೆರೆದ. ಅವರಿಗೆ ಮಾತಾಡಲು ಸಂದೇ ಸಿಗಲಿಲ್ಲ.

ಚೌಡೇಶನದು ಸ್ಯಾಂಪಲ್ ಒಯ್ಯುವ ಕೆಲಸ. ಮಲೆಬೆನ್ನೂರಿನ ಗಿರಣಿಗಳಿಂದ ಅಕ್ಕಿಯ ಸಣ್ಣ ಪೊಟ್ಟಣಗಳನ್ನು ಬೈಕಿನಲ್ಲಿ ಹರಿಹರ ದಾಟಿ ದಾವಣಗೆರೆಯ ಮಂಡಿಪೇಟೆಗೆ ತಂದು, ವ್ಯಾಪಾರಿಗಳ ಮುಂದೆ ಸುರುವಿ ವರ್ಣಿಸಬೇಕು. ಮಲ್ಲಿಗೆ ಮೊಗ್ಗಿನಂಥ ಅಕ್ಕಿ ಎಂದರೆ ಮಂಡಿಯ ಶಬ್ಬೀರ್ ಸಾಹೇಬರು ಒಂದು ಕಾಳು ಕಡಿದು, ಹೇಳಿದ್ದರಲ್ಲಿ ಅರ್ಧ ಕಳೆದು, ಉಳಿದರ್ಧಕ್ಕೆ ತಲೆದೂಗುತ್ತಾರೆ. ಅರ್ಧ ಕಳೆಯುತ್ತಾರೆಂದು ಗೊತ್ತಿದ್ದೇ ಚೌಡೇಶ ಎರಡರಷ್ಟು ಹೇಳುತ್ತಾನೆ. ಹನ್ನೆರಡು ವರ್ಷದ ಅಭ್ಯಾಸ. ಮನೆಯಲ್ಲಿ ಹೆಂಡತಿ ಭಾಗ್ಯಲಕ್ಷ್ಮಿ ಕೂಡ ಅವನ ಹಸಿವಿನಲ್ಲಿ ಅರ್ಧ ಕಳೆದೇ ರೊಟ್ಟಿ ತಟ್ಟುತ್ತಾಳೆ.

ಹೆಡ್ ಕಾನ್‌ಸ್ಟೆಬಲ್ ಪುಷ್ಪಲತಾ ಅವರಿಗೂ ಅವನ ಬಾಯಿ ಹೊಸದಲ್ಲ. ದಿನಾ ಅವರು ನಿಲ್ಲುವ ಸರ್ಕಲ್ಲಿನಲ್ಲಿ ಬೈಕು ನಿಧಾನಿಸಿ, ನಮಸ್ಕಾರ ಹಾಕಿ, ಒಂದು ಬಡಾಯಿ ಬಿಟ್ಟೇ ಅವನು ಮುಂದೆ ಹೋಗುವುದು. ಅವರೂ ನಕ್ಕು, ಬೈಕಿನವರಿಗೆ ಹೇಳುವ ಬುದ್ಧಿಮಾತೊಂದನ್ನು ಹೇಳಿ ಕಳಿಸುತ್ತಿದ್ದರು.

ಇವತ್ತು ಅವರು ನಗಲಿಲ್ಲ. ಬರೆದುಕೊಳ್ಳುತ್ತಿದ್ದರು.

ಕಾರು ಎಷ್ಟು ವೇಗದಲ್ಲಿತ್ತೆಂದು ಕೇಳಿದರು. ಅರ್ಧ ಕಳೆದರೂ ಅರವತ್ತು ಉಳಿಯಲಿ ಎಂದು ಚೌಡೇಶ ನೂರಿಪ್ಪತ್ತು ಎಂದ. ಅವರು ನೂರಿಪ್ಪತ್ತು ಎಂದೇ ಬರೆದರು. ನಾಗರಾಜಪ್ಪ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಚೌಡೇಶನ ಬೈಕು ಇನ್ನೊಮ್ಮೆ ಹಾರಿತು, ಈ ಸಲ ಟ್ರ್ಯಾಕ್ಟರಿಗೆ ಟ್ರೇಲರೂ ಸೇರಿಕೊಂಡಿತ್ತು.

ಪುಷ್ಪಲತಾ ಹಾಳೆಯನ್ನು ಅವನತ್ತ ತಿರುಗಿಸಿ ಪೆನ್ನು ಕೊಟ್ಟರು.

"ಸಹಿ ಮಾಡಪ್ಪ. ಇದು ಹಿಂಗೇ ಕೋರ್ಟಿಗೆ ಹೋಗ್ತೈತೆ. ಯಜಮಾನ್ರ ಲೈಸೆನ್ಸು ಹೋದ್ರೂ ಹೋಯ್ತು, ಜೈಲಾದ್ರೂ ಆತು."

"ನೀವು ಅರ್ಧ ಕಳೀಲಿಲ್ವೇನ್ರಿ ಮೇಡಮ್?"

"ಇಲ್ಲಿ ಕಳೆಯೋ ಪದ್ಧತಿ ಇಲ್ಲ."

ಚೌಡೇಶನ ಕೈಯಲ್ಲಿ ಪೆನ್ನು ನಿಂತಿತು. ಬೆಂಚಿನಿಂದ ನಾಗರಾಜಪ್ಪನವರ ಸಣ್ಣ ದನಿ ಬಂತು. "ತಪ್ಪು ನಂದೇ ಐತ್ರಿ ಮೇಡಮ್. ಆದ್ರ ನೂರಿಪ್ಪತ್ತು ಅಂದ್ರ, ಇಳಿಜಾರಿನಾಗೆ ತಳ್ಳಿದ್ರೂ ಆ ಕಾರು ಅಷ್ಟು ಓಡಂಗಿಲ್ರಿ. ಅದೂ ಅಲ್ದ, ಅದು ಆವಾಗ..."

ಚೌಡೇಶ ಅವರತ್ತ ನೋಡಿದ. ಅವರು ಆಗಲೇ ಲೈಸೆನ್ಸನ್ನು ಜೇಬಿನಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಂಡಿದ್ದರು. ಅರ್ಧ ಕಳೆಯದ ತನ್ನ ಮಾತಿಗೆ ಹೆದರಿದ ಮನುಷ್ಯನನ್ನು ಅವನು ನೋಡಿದ್ದು ಇದೇ ಮೊದಲು. ಪೆನ್ನು ಮೇಜಿನ ಮೇಲಿಟ್ಟ.

"ಬ್ಯಾರೆ ಹಾಳೆ ತಗೋರಿ. ಕಾರು ನಿಂತಿತ್ರಿ."

"ಎಲ್ಲಿ?"

"ಅಂಗಡಿ ಮುಂದೆ. ಯಜಮಾನ್ರು ಫೋನಿನಾಗೆ ಮಾತಾಡ್ತಾ ಹಿಂದೆ ನೋಡ್ದಂಗೆ ಬಾಗ್ಲು ತೆಗೆದ್ರು. ನಿಂತಿರೋ ಗಾಡಿಯಿಂದ ಒಂದು ಬಾಗ್ಲಷ್ಟು ದೂರ ಬಿಟ್ಟೇ ಹೋಗು ಅಂತ ನೀವು ಹೇಳ್ತಿದ್ರಲ್ಲ, ಹಂಗೇ ಹೊಂಟಿದ್ದೆ. ತುದಿ ಅಷ್ಟೇ ಹ್ಯಾಂಡಲ್ಲಿಗೆ ತಾಗ್ತು."

"ನಿನ್ನ ಸ್ಪೀಡು?"

"ಇಪ್ಪತ್ತು. ಹಿಂದಿನ ಸೈಕಲ್ಲಿನವ್ನು ಬೆಲ್ ಹೊಡೀತಿದ್ದ."

ಪುಷ್ಪಲತಾ ತುಟಿ ಬಿಗಿಹಿಡಿದು ಹೊಸ ಹಾಳೆಯಲ್ಲಿ ಬರೆದರು. ಬರೆಯುತ್ತಲೇ ನಾಗರಾಜಪ್ಪನವರಿಗೆ, ಇನ್ನು ಮೇಲೆ ಫೋನು ಇಟ್ಟು, ಎಡಗೈಯಲ್ಲಿ ಬಾಗಿಲು ತೆಗೆಯಿರಿ, ಆಗ ಮೈ ತಾನಾಗಿ ಹಿಂದಕ್ಕೆ ತಿರುಗಿ ಬರುವ ಗಾಡಿ ಕಾಣುತ್ತದೆ ಎಂದು ಹೇಳಿದರು. ಅವರು ಅಲ್ಲೇ ಗಾಳಿಯಲ್ಲಿ ಎಡಗೈ ಚಾಚಿ ಎರಡು ಸಲ ಬಾಗಿಲು ತೆಗೆದು ನೋಡಿದರು. ಆಮೇಲೆ ಲೈಸೆನ್ಸನ್ನು ಜೇಬಿಗೆ ಹಾಕಿಕೊಂಡರು.

"ಮತ್ತೆ ಎಷ್ಟೆತ್ತರ ಹಾರಿದೆ ಅಂತ ಬರೀಲಿ?" ಎಂದರು ಪುಷ್ಪಲತಾ.

ಚೌಡೇಶ ಸುತ್ತ ನೋಡಿದ. ಠಾಣೆಯಲ್ಲಿದ್ದವರೆಲ್ಲ ಕಿವಿ ನಿಮಿರಿಸಿದ್ದರು.

"ಹಾರಿಲ್ರಿ. ಸೊಪ್ಪು ಮಾರೋ ತಿಪ್ಪಮ್ಮನ ಮೆಂತ್ಯದ ಬುಟ್ಟಿ ಮ್ಯಾಲೆ ಕುಂತ್ಕೊಂಡೆ. ಅವಳೇ ಬೈಕೊಂತಾ ಕೈ ಹಿಡಿದು ಎಬ್ಬಿಸಿದ್ಲು."

ಮೊದಲು ನಕ್ಕವರು ನಾಗರಾಜಪ್ಪ.