ಉತ್ತರದ ಗೋಡೆಯ ಬೆಂಚು

ಮೊದಲ ಮೊಳೆ ಕಿತ್ತು ಬಂದ ಸದ್ದು ಚರ್ಚಿನ ಕಲ್ಲು ಕಮಾನಿಗೆ ಬಡಿದು ವಾಪಸು ಬಂತು. ಬಾಗಿಲಲ್ಲಿ ನಿಂತಿದ್ದ ಸಿಗ್ನೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು.

"ಬಂದ್ರಾ ಅತ್ತೆ? ನೀವು ಬರೋ ತನಕ ಮುಟ್ಟಬಾರದು ಅಂತಿದ್ದೆ. ಚಳಿ ತಡೀಲಿಲ್ಲ. ಕೈ ಬೆಚ್ಚಗಾಗ್ಲಿ ಅಂತ ಶುರು ಮಾಡಿಬಿಟ್ಟೆ," ಎಂದ ಯೆರ್ಕರ್, ಮಂಡಿಯೂರಿದಲ್ಲಿಂದಲೇ. ಅವಳ ಗಂಡ ಆಲ್ಗೋತನ ತಂಗಿಯ ಮಗ, ಬಡಗಿ.

"ನನ್ನ ಬೆಂಚಿನ ಮೇಲಿನ ದಿಂಬು ತಗೊಂಡು ಹೋಗೋಣ ಅಂತ ಬಂದೆ. ನಿನ್ನ ಕೆಲಸ ನೀನು ಮಾಡು."

ಉತ್ತರದ ಗೋಡೆಗೆ ತೇವ ಹತ್ತಿ, ಆ ಬದಿಯ ಬೆಂಚುಗಳ ಬುಡವೆಲ್ಲ ಕೊಳೆತಿತ್ತು. ಅವನ್ನು ಕಿತ್ತು, ನೆಲ ಒಣಗಿಸಿ, ಅಲ್ಲಿ ಕಾಫಿಗೆ ಮೇಜು ಹಾಕುವುದೆಂದು ಊರ ಸಭೆಯಲ್ಲಿ ತೀರ್ಮಾನವಾಗಿತ್ತು. ಪಾದ್ರಿ ಸೂಲ್ವೇಗ್ ತಾನೇ ಮನೆಗೆ ಬಂದು ಹೇಳಿದ್ದಳು: "ದಕ್ಷಿಣದ ಕಡೆ ಬನ್ನಿ ಸಿಗ್ನೆ. ಬಿಸಿಲಾದ್ರೂ ಬೀಳುತ್ತೆ. ಆಲ್ಗೋತ್ ಕೂರ್ತಿದ್ದ ಜಾಗ ಹೇಗೂ ಖಾಲಿ ಇದೆಯಲ್ಲ." ಸಿಗ್ನೆ ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟಳು. ಒಳಗೊಳಗೇ ಮಾತ್ರ ಗಟ್ಟಿ ಮಾಡಿಕೊಂಡಳು: ದಿಂಬು ಮನೆಗೆ ಬಂದ ಮೇಲೆ ತನಗೂ ಚರ್ಚಿಗೂ ಮುಗಿಯಿತು. ಇನ್ನು ನಾಲ್ಕು ಜನ ಹೊತ್ತು ತರುವಾಗ ಬಂದರಾಯಿತು.

ಮದುವೆಯಾದ ಮೊದಲ ಭಾನುವಾರ ಆಲ್ಗೋತನ ತಾಯಿ ಅವಳ ಕೈ ಹಿಡಿದು ಈ ಬೆಂಚಿಗೆ ಕರೆತಂದಿದ್ದಳು. ಹೆಂಗಸರು ಉತ್ತರಕ್ಕೆ, ಗಂಡಸರು ದಕ್ಷಿಣಕ್ಕೆ. ನಡುವೆ ಇಡೀ ಚಾವಣಿಯನ್ನು ಹೊತ್ತ ಒಂದೇ ಒಂದು ಕಂಬ. ಗೋಡೆಯಲ್ಲಿ, ತಲೆ ಒರಗುವಷ್ಟು ಎತ್ತರಕ್ಕೆ, ಎಷ್ಟೋ ತಲೆಮಾರಿನ ಹೆಂಗಸರ ಜಿಡ್ಡು ಹಿಡಿದು ಕಪ್ಪಾದ ಕಲೆ. ಅದಕ್ಕೂ ಬಹಳ ಮೇಲೆ, ಕಮಾನಿನ ಹತ್ತಿರ, ಬೆಣ್ಣೆ ಕಡೆಯುವ ಒಬ್ಬ ಹೆಂಗಸಿನ ಚಿತ್ರ, ಅವಳ ಕಡಗೋಲಿಗೆ ಕೈಹಾಕಿ ಹಲ್ಲು ಕಿಸಿಯುವ ಸೈತಾನ. ನೆರೆಮನೆಯ ಹಾಲು ಕದಿಯುವವಳ ಗತಿ ಇದು ಎಂದು ಹಳೆಯ ಕಾಲದವರು ಬರೆಸಿದ್ದು. ನಡುವೆ ಯಾವನೋ ಪಾದ್ರಿಗೆ ಅದು ಹಿಡಿಸದೆ ಸುಣ್ಣ ಬಳಿಸಿದ. ಆಲ್ಗೋತನ ತಾತನ ಕಾಲದಲ್ಲಿ ಸುಣ್ಣ ಕೆರೆದರೆ, ಹೆಂಗಸಿನ ಮುಖ ಸುಣ್ಣದ ಜೊತೆಗೇ ಉದುರಿಹೋಗಿ, ಸೈತಾನ ಮಾತ್ರ ಹಲ್ಲಿನ ಸಮೇತ ಉಳಿದುಕೊಂಡ.

ಬರಬರುತ್ತ ಕಟ್ಟಳೆ ಸಡಿಲಾಯಿತು. ಗಂಡ ಹೆಂಡಿರು ಅಕ್ಕಪಕ್ಕ ಕೂರತೊಡಗಿದರು. ಒಂದು ಭಾನುವಾರ ಸಿಗ್ನೆಯೂ ಕೇಳಿದಳು: "ನೀನೂ ಈ ಕಡೆ ಬಂದು ಕೂತ್ಕೋಬಾರ್ದಾ?"

ಆಲ್ಗೋತ್ ಬೂಟಿನ ಮಣ್ಣು ಕೆರೆಯುತ್ತ, "ಯಾಕೆ, ನಾನಲ್ಲೇ ಚೆನ್ನಾಗಿದೀನಿ," ಎಂದ.

ಅವಳು ಮತ್ತೆ ಕೇಳಲಿಲ್ಲ. ಅವನು ಕೂರುತ್ತಿದ್ದುದು ಕಟ್ಟಕಡೆಯ ಬೆಂಚಿನಲ್ಲಿ, ಆರ್ಗನ್ ಇಟ್ಟ ಅಟ್ಟದ ಕೆಳಗಿನ ಮಬ್ಬಿನಲ್ಲಿ. ತೂಕಡಿಸುವವರ ಜಾಗ ಅದು. ತನಗಿಂತ ಇವನಿಗೆ ನಿದ್ದೆಯೇ ಹೆಚ್ಚಾಯಿತು ಎಂದುಕೊಂಡಳು. ಆ ಮಾತು ಒಳಗೇ ಕೂತು, ವರ್ಷಗಳು ಕಳೆದಂತೆ ನೋಯುವುದನ್ನೂ ಬಿಟ್ಟು, ಬರೀ ಭಾರವಾಗಿ ಉಳಿಯಿತು.

ಮನೆಗೆ ಬಂದು ಕಾಫಿಗೆ ಕೂತರೆ ಅವನ ಕೀಟಲೆ ಶುರು. "ಇವತ್ತು ಎರಡನೇ ಹಾಡಿಗೆ ಬಾಯೇ ಬಿಡ್ಲಿಲ್ವಂತೆ?"

"ಯಾರು ಹೇಳಿದ್ದು?"

"ಇನ್ಯಾರು, ನಿನ್ನ ತಲೆ ಮೇಲೆ ಹಲ್ಲು ಕಿಸ್ಕೊಂಡಿದಾನಲ್ಲ, ಅವನೇ. ಪ್ರವಚನದಲ್ಲಿ ಆಕಳಿಸಿದ್ಯಂತೆ. ಅದನ್ನೂ ಹೇಳ್ದ."

"ನೀನೂ ಅವನೂ ಸೇರ್ಕೊಂಡು ಹಾಳಾಗ್ಹೋಗಿ," ಎಂದು ಬೈಯುತ್ತಲೇ ಕೇಸರಿ ಹಾಕಿ ಬೇಯಿಸಿದ ಅಕ್ಕಿಯ ಸಿಹಿಯ ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕುತ್ತಿದ್ದಳು.

ಕುರಿಗಳನ್ನು ಚಳಿಗಾಲಕ್ಕೆಂದು ಒಳಗೆ ಕಟ್ಟುವ ಹೊತ್ತಿಗೆ ಅವನು ಹೋಗಿಬಿಟ್ಟ.

ಯೆರ್ಕರ್ ದಿಂಬನ್ನು ಕೊಡವಿ ಅವಳ ಕೈಗಿತ್ತ. ಮನೆಯ ಕುರಿಯ ಉಣ್ಣೆಯನ್ನೇ ತುಂಬಿದ್ದು. ಕೂತು ಕೂತು ರೊಟ್ಟಿಯಂತಾಗಿತ್ತು. "ಎಷ್ಟು ಹೊತ್ತು ನಿಂತಿರ್ತೀರಿ ಅತ್ತೆ. ಹೋಗಿ ಮಾವನ ಜಾಗದಲ್ಲಿ ಕೂತ್ಕೊಳ್ಳಿ. ಇದೊಂದು ಬೆಂಚು ಎತ್ತಿಟ್ಟು ಗಾಡೀಲಿ ನಿಮ್ಮನ್ನ ಮನೆಗೆ ಬಿಟ್ಟು ಬರ್ತೀನಿ."

ಅವಳು ದಿಂಬನ್ನು ಎದೆಗವಚಿಕೊಂಡು ಹಿಂದಿನ ಬೆಂಚಿಗೆ ಹೋಗಿ, ಸಿಕ್ಕ ತುದಿಯಲ್ಲಿ ಕೂತಳು. ಎಷ್ಟೋ ಸಲ ಇದನ್ನು ಒರೆಸಿದ್ದಳು. ಕೂತಿದ್ದು ಇದೇ ಮೊದಲು. ಎದುರಿಗೆ ಬರೀ ಕಂಬ. ಪ್ರವಚನ ಹೇಳುವ ಪೀಠವಾಗಲಿ, ಅದರ ಮೇಲಿನ ಮರಳು ಗಡಿಯಾರವಾಗಲಿ ಕಾಣಲೇ ಇಲ್ಲ.

"ಮಲಗೋಕೆ ಒಳ್ಳೇ ಜಾಗ ಹಿಡಿದಿದ್ದ ನಿಮ್ಮಾವ," ಎಂದಳು.

"ಮತ್ತೆ! ತೂಕಡಿಸೋರನ್ನ ತಿವಿಯೋಕೆ ಹಿಂದಿನೋರು ಇಟ್ಕೊಂಡಿದ್ದ ಕೋಲು ಅಲ್ಲೇ ಮೂಲೇಲಿದೆ ನೋಡಿ. ಈಗ ಅದನ್ನ ಹಿಡಿಯೋರು ಯಾರೂ ಇಲ್ಲ ಅಂತ ಮಾವನಿಗೆ ಧೈರ್ಯ."

ಸಿಗ್ನೆ ಕತ್ತೆತ್ತಿ ಸೈತಾನನನ್ನು ಹುಡುಕಿದಳು. ಅಟ್ಟದ ತೊಲೆ ಅಡ್ಡ ಬಂತು. ಬಗ್ಗಿದಳು, ಕತ್ತು ವಾಲಿಸಿದಳು, ಆದರೂ ಇಲ್ಲ.

"ಯೆರ್ಕರ್, ಅವನು ಮೇಲೆ ಇದಾನೆ ತಾನೇ?"

"ಎಲ್ಲಿಗೆ ಹೋಗ್ತಾನೆ? ಹಲ್ಲು ಕಿಸ್ಕೊಂಡು ನಿಂತಿದಾನೆ. ಯಾಕೆ, ಕಾಣಲ್ವಾ? ಕಣ್ಣು ತೋರಿಸ್ಕೊಳ್ಳಿ ಅತ್ತೆ."

ಅವಳು ಬೆಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಯುತ್ತ ಹೋದಳು. ಕಂಬ, ಮತ್ತೆ ಅದೇ ಕಂಬ. ಒಂದು ಕಡೆ ಹಲಗೆ ಸವೆದು ತಗ್ಗಾಗಿತ್ತು. ಮೈ ತಾನಾಗಿ ಅದರೊಳಕ್ಕೆ ಇಳಿಯಿತು. ಅಲ್ಲಿಂದಲೂ ಪೀಠವಿಲ್ಲ, ಸೈತಾನನಿಲ್ಲ. ಕಂಬದ ಅಂಚಿಗೂ ತೊಲೆಗೂ ನಡುವೆ ಕಿಟಕಿಯಷ್ಟು ತೆರವು. ಅದರೊಳಗೆ ಉತ್ತರದ ಗೋಡೆಯ ಒಂದು ತುಂಡು, ಜಿಡ್ಡಿನ ಕಲೆ, ಅವಳ ಬೆಂಚಿನ ಬೆನ್ನು. ಇವುಗಳ ಮುಂದೆ ಯೆರ್ಕರನ ಅಗಲವಾದ ಮೈ.

ಎರಡನೇ ಹಾಡು, ಪ್ರವಚನದಲ್ಲಿನ ಆಕಳಿಕೆ: ಅವಳು ಸವೆದ ಹಲಗೆಯ ಅಂಚನ್ನು ಬೆರಳಿನಿಂದ ಸವರಿದಳು.

"ಯೆರ್ಕರ್."

"ಬಂದೆ ಅತ್ತೆ. ಇದೊಂದು ಎತ್ತಿಬಿಡ್ತೀನಿ."

"ಇರು, ಎತ್ತಬೇಡ. ಸ್ವಲ್ಪ ಆ ಕಡೆ ಸರಿ. ಅಡ್ಡ ನಿಂತಿದೀಯ."

ಅವನು ಸುತ್ತಿಗೆ ಹಿಡಿದುಕೊಂಡೇ ಪಕ್ಕಕ್ಕೆ ಸರಿದು ನಿಂತ. "ಸಾಕಾ? ದಿಂಬು ಕೊಡಿ, ಗಾಡೀಲಿಡ್ತೀನಿ."

ಸಿಗ್ನೆ ಬೆಂಚನ್ನು ಹಿಡಿದು ಅರ್ಧ ಎದ್ದಳು. ದಿಂಬನ್ನು ಆ ತಗ್ಗಿನ ಮೇಲೆ ಹಾಸಿ, ಮತ್ತೆ ಮೆಲ್ಲಗೆ ಕೂತುಕೊಂಡಳು. ಎದುರಿಗೆ, ಕಿತ್ತ ಹಲಗೆಗಳ ಧೂಳು ದಕ್ಷಿಣದ ಕಿಟಕಿಯಿಂದ ಬಂದ ಬಿಸಿಲಲ್ಲಿ ಇಳಿಯುತ್ತಿತ್ತು; ಖಾಲಿ ಬೆಂಚಿನ ಹಿಂದೆ ಗೋಡೆಯ ಕಲೆ ಕಾಣುತ್ತಿತ್ತು.